ಪೆಟ್ಟಿಗೆಯೊಡನೆ ಬರುವ ಕಾಗದ

(ಸಾನಪಾಡಾ ವಾಚನಾಲಯದಲ್ಲಿ ಮಾಡಿದ ಭಾಷಣ)



ನಮ್ಮಲ್ಲಿ ಅನೇಕರ ಕೋಣೆಯಲ್ಲಿ ವೈಫೈ ರೌಟರ್ ಉಂಟು. ಅದನ್ನು ಒಳಗಿನಿಂದ ನಡೆಸುವ ತಂತ್ರಾಂಶಕ್ಕೆ ಫರ್ಮ್‌ವೇರ್ ಎಂದು ಹೆಸರು. ಅನೇಕ ರೌಟರುಗಳಲ್ಲಿ ಇರುವುದು ಲಿನಕ್ಸ್. ಸಾವಿರಾರು ಜನ ಕೂಡಿ ಬರೆದು ಲೋಕಕ್ಕೆ ಕೊಟ್ಟದ್ದು. ಕಂಪನಿಗಳು ಅದನ್ನು ಹಣ ತೆರದೆ ಬಳಸಿ ಲಾಭ ಪಡೆಯಬಹುದು. ಆದರೆ ಪುಕ್ಕಟೆ ಎಂದರೆ ಕಟ್ಟಳೆ ಇಲ್ಲವೆಂದಲ್ಲ. ನಮ್ಮ ವಾಚನಾಲಯದ ಪುಸ್ತಕಕ್ಕೂ ಬಾಡಿಗೆಯಿಲ್ಲ. ಹಾಗೆಂದು ಯಾರೂ ಅದನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕುವಂತಿಲ್ಲ.

ಲಿನಕ್ಸಿಗೆ ಅನ್ವಯಿಸುವ 1991ರ ಜಿಪಿಎಲ್ ಪರವಾನಗಿಯ ಕಟ್ಟಳೆ ಇದು: ಮಾರುವವರು ತಿದ್ದಲು ಬರುವಂಥ ಮೂಲಬರಹವನ್ನು, ಅಂದರೆ ಸೋರ್ಸ್ ಕೋಡನ್ನು, ಜೊತೆಗೇ ಕೊಡಬೇಕು, ಇಲ್ಲವೆ ಪ್ರತಿ ಮಾಡಿ ಕಳಿಸುವ ಖರ್ಚಿಗೆ ಮೀರದಂತೆ ಕೊಡುವೆವೆಂದು ಕನಿಷ್ಠ 3 ವರ್ಷ ಊರ್ಜಿತವಿರುವ ಲಿಖಿತ ವಚನ ಕೊಡಬೇಕು. ಬೇರೆಯವರಿಂದ ತರಿಸಿ ತಮ್ಮ ಹೆಸರು ಹಚ್ಚಿ ಮಾರುವವರಿಗೂ ಇದು ತಪ್ಪದು.

2003ರಲ್ಲಿ ಅಮೆರಿಕೆಯ ಲಿಂಕ್‌ಸಿಸ್ ರೌಟರೊಂದರಲ್ಲಿ ಲಿನಕ್ಸ್ ಇದ್ದುದು ಬಯಲಾಯಿತು. ಬಲ್ಲವರು ಪಟ್ಟುಹಿಡಿದು ಕೇಳಿದರು; ಕಂಪನಿ ಸೋರ್ಸ್ ಕೋಡ್ ಹೊರಬಿಟ್ಟಿತು. ಅದರ ಆಧಾರದಿಂದ 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿತು. ಕಂಪನಿ ಕೈಬಿಟ್ಟ ಎಷ್ಟೋ ಹಳೆಯ ರೌಟರುಗಳು ಇಂದಿಗೂ ಅದರಿಂದ ಬದುಕಿವೆ. ಅದೇ ವರ್ಷ ಜರ್ಮನಿಯ ಮ್ಯೂನಿಕ್ ನ್ಯಾಯಾಲಯವು ಸೈಟ್‌ಕಾಂ ಕಂಪನಿಯ ಪ್ರಕರಣದಲ್ಲಿ ಜಿಪಿಎಲ್ ಕಟ್ಟಳೆಯನ್ನು ಎತ್ತಿಹಿಡಿಯಿತು.

ದುಡಿದ ಹಣದಿಂದ ಕೊಂಡ ವಸ್ತು ರಿಪೇರಿಗೆ ಬಾರದೆ ಗುಜರಿ ಸೇರಬಾರದು. ಆದುದರಿಂದ, ಮಿತ್ರರೇ, ಪೆಟ್ಟಿಗೆಯೊಡನೆ ಬರುವ ಸಣ್ಣಕ್ಷರದ ಕಾಗದವನ್ನು ಎಸೆಯದೆ ಬಿಲ್ಲಿನೊಡನೆ ಇಡಿರಿ. ಖರೀದಿ ಖಾತೆಯ ಗುಮಾಸ್ತರು ಅದನ್ನು ಫೈಲಿಗೆ ಸೇರಿಸಿರಿ. ಕೇಳುವವರಿದ್ದರೆ ತಾನೆ ಕೊಡುವವರು?