ಕಾಡಿನ ಮಂದಿಯ ಮಾತು



ಸೋಲಿಗರೆಂಬ ಕಾಡಿನ ಬುಡಕಟ್ಟಿನವರ ಬದುಕಿನ ಪ್ರದರ್ಶನಕ್ಕೆ ಕೃಷ್ಣಾ ತೀರದ ಕಬ್ಬಿನ ಊರಾದ ನಮ್ಮ ಚಿಕ್ಕಪಡಸಲಗಿಯೇ ಏಕೆ ಎಂದು ಬಾಗಿಲಲ್ಲೇ ಒಬ್ಬರು ಕೇಳಿದರು. ನನಗೇನೋ ಇದಕ್ಕಿಂತ ತಕ್ಕ ಊರು ತೋಚುವುದಿಲ್ಲ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಹಣ ಕೂಡಿಸಿ, ತಾವೇ ದುಡಿದು ಇಲ್ಲಿ ಬ್ಯಾರೇಜ್ ಕಟ್ಟಿದರು. ಹೊಳೆ ಯಾವಾಗ ಬತ್ತುತ್ತದೆ, ನೀರು ಎಲ್ಲಿ ನಿಲ್ಲಿಸಬೇಕು ಎಂಬುದು ದಂಡೆಯವರಿಗೆ ಗೊತ್ತಿತ್ತು. ಕಾಡಿನ ವಿಷಯದಲ್ಲಿ ಸೋಲಿಗರೂ ಹಾಗೆಯೇ ಬಲ್ಲವರು. ಅವರ ಮಾತಿಗೆ ಕಿವಿಗೊಡುವವರು ಮಾತ್ರ ಬಹುಕಾಲ ಸಿಗಲಿಲ್ಲ.

ರಾಜ್ಯದ ಆ ತುದಿ, ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಪೋಡು ಎಂಬ ಹಾಡಿಗಳಲ್ಲಿ ಅವರ ವಾಸ. ರಾಗಿ, ಸೊಪ್ಪು, ಗೆಡ್ಡೆ-ಗೆಣಸು ಅವರ ಊಟ. ಗೆಣಸು ಅಗೆದರೆ ಒಂದಿಷ್ಟು ಮಣ್ಣಲ್ಲೇ ಬಿಟ್ಟು ಮುಚ್ಚುತ್ತಾರೆ, ಮುಂದಿನ ವರ್ಷ ಮತ್ತೆ ಚಿಗುರಲಿ ಎಂದು. ಜೇನು, ನೆಲ್ಲಿ, ಸೀಗೆ, ಅಂಟುವಾಳ ತಂದು ಮಾರುತ್ತಾರೆ.

ಅವರ ದೇವರ ವಿಷಯ ಕೇಳಿದರೆ ನಿಮಗೆ ಖುಷಿಯಾದೀತು. ಬಿಳಿಗಿರಿರಂಗ ಇವರಿಗೆ ಭಾವ. ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದವನಲ್ಲವೇ! ನಮ್ಮ ಮೈಲಾರಲಿಂಗನೂ ಕುರುಬರ ಮನೆಯ ಅಳಿಯನೇ. ದೇವರ ಕಾಲಿಗೆ ಬೀಳುವುದಕ್ಕಿಂತ ಅವನನ್ನು ಭಾವನೆಂದು ಚೇಷ್ಟೆ ಮಾಡುವ ಆ ಸಲಿಗೆಯೇ ನನಗೆ ಹಿಡಿಸುತ್ತದೆ. ಭಾರ್ಗವಿ ಹೊಳೆಯ ದಂಡೆಯಲ್ಲಿ ದೊಡ್ಡಸಂಪಿಗೆ ಎಂಬ ಮುದಿ ಮರವಿದೆ. ಬುಡದಲ್ಲಿ ಲಿಂಗದಂಥ ಕಲ್ಲುಗಳಿವೆ. ಗುಡಿಯೂ ಅದೇ, ದೇವರೂ ಅದೇ. ರೊಟ್ಟಿ ಹಬ್ಬದಲ್ಲಿ ಕೆಂಡದಲ್ಲಿ ಸುಟ್ಟ ರಾಗಿ ರೊಟ್ಟಿಯನ್ನು ದೇವರಿಗೆ ಎಡೆ ಇಟ್ಟು ಎಲ್ಲರೂ ಹಂಚಿಕೊಳ್ಳುತ್ತಾರೆ.

ಪ್ರದರ್ಶನದೊಳಗೆ ನೆಲ್ಲಿ ಮರದ ಒಂದು ಚಿತ್ರವಿದೆ, ತುಸು ನಿಂತು ನೋಡಿ. ಕೊಂಬೆ ತುಂಬ ಮರದ ಸಾರ ಹೀರುವ ಬಂದಳಿಕೆ. ಇದಕ್ಕೂ ಬೆಂಕಿಗೂ ನಂಟಿದೆ. ಬೇಸಿಗೆ ಏರುವ ಮೊದಲೇ ಒಣ ತರಗಿಗೆ ಸಣ್ಣ ಬೆಂಕಿ ಇಡುವುದು ಸೋಲಿಗರ ರೂಢಿಯಾಗಿತ್ತು, ಅದಕ್ಕೆ ತರಗು ಬೆಂಕಿ ಎನ್ನುತ್ತಾರೆ. ಬಿಳಿಗಿರಿರಂಗನ ಬೆಟ್ಟದ ಕಾಡು 1974ರಲ್ಲಿ ಅಭಯಾರಣ್ಯವಾದ ಮೇಲೆ ಬೆಂಕಿಯೂ ನಿಂತಿತು, ಜಾಗ ಬದಲಿಸುತ್ತ ಮಾಡುವ ಪೋಡು ಬೇಸಾಯವೂ ನಿಂತಿತು. ಲಂಟಾನ ಕಳೆ ಕಾಡನ್ನು ಮುಚ್ಚಿತು. ನೆಲ್ಲಿಗೆ ಬಂದಳಿಕೆ ಹತ್ತಿ ಮರಗಳು ಸಾಯತೊಡಗಿದವು. ಬೆಂಕಿ ನಿಲ್ಲಿಸಿದ್ದಕ್ಕೇ ಹೀಗಾಯಿತು ಎಂದು ಅಲ್ಲಿನ ಅಜ್ಜಂದಿರು ಹೇಳುತ್ತಲೇ ಬಂದರು. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಪರೀಕ್ಷಿಸಿ ನೋಡಿದರು. ಅಜ್ಜಂದಿರ ಮಾತಿನಲ್ಲಿ ಹುರುಳಿತ್ತು. ಓದು ಬರಹ ಬಾರದವರು ಹೇಳಿದ್ದು ನಿಜವೆನಿಸಿಕೊಳ್ಳಲು ಇಷ್ಟು ಸಾಕ್ಷಿ ಬೇಕಾಯಿತಲ್ಲ, ಅದೇ ಬೇಸರ.

1981ರಲ್ಲಿ ಡಾ. ಸುದರ್ಶನ್ ಎಂಬ ವೈದ್ಯರು ಆ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಆಸ್ಪತ್ರೆ, ಶಾಲೆ ಬಂದವು. ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ ಇಂದಿಗೂ ಅವರನ್ನು ಕಾಡುತ್ತಿದೆ. ಆದರೆ ಔಷಧಿಯಷ್ಟೇ ಅವರಿಗೆ ಬೇಕಾದುದು ಕಾಡಿನ ಹಕ್ಕು. ತಮ್ಮ ದೇವರು, ಮಾರಮ್ಮ, ವೀರರು, ಕಲ್ಲುಗುಡಿ, ಅಬ್ಬಿಗಳಿರುವ ಐನೂರರ ಹತ್ತಿರ ಜಾಗಗಳನ್ನು ಅವರೇ ನಕಾಶೆಯಲ್ಲಿ ಗುರುತಿಸಿಕೊಟ್ಟರು. 2011ರ ಆರಂಭದಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯದ ಹಕ್ಕುಪತ್ರವೂ ಸಿಕ್ಕಿತು. ಹುಲಿ ಕಾಡಿನಲ್ಲಿ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಪತ್ರ ಕೈಯಲ್ಲಿದ್ದರೂ ಕಾಡನ್ನು ಹೇಗೆ ನೋಡಿಕೊಳ್ಳಬೇಕೆಂದು ಅವರನ್ನು ಕೇಳುವ ರೂಢಿ ಇನ್ನೂ ಬಲಿತಿಲ್ಲ. ಅಣೆಕಟ್ಟೆಯ ಹಿನ್ನೀರಿಗೆ ಹೊಲ-ಮನೆ ಬಿಟ್ಟುಕೊಟ್ಟ ಬೀಳಗಿಯವರಿಗೆ, ತಮ್ಮ ನೆಲದ ಬಗ್ಗೆ ತಮ್ಮನ್ನೇ ಕೇಳದ ಈ ಸಂಕಟವನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಪ್ರದರ್ಶನ ಉದ್ಘಾಟನೆಯಾಯಿತೆಂದು ಸಾರುತ್ತೇನೆ. ಜೇನಿನ ಮಳಿಗೆಯಲ್ಲಿ ಅಲ್ಲಿಂದ ಬಂದ ಹುಡುಗರಿದ್ದಾರೆ. ಮೊಬೈಲಿಗಾಗಿ ಕುಣಿಯಿರಿ ಎಂದು ಅವರನ್ನು ದಯವಿಟ್ಟು ಕೇಳಬೇಡಿ. ಬೆಲೆ ಚೌಕಾಶಿ ಮಾಡದೆ ಜೇನು ಕೊಳ್ಳಿರಿ, ಅವರ ಊರಿನ ಸುದ್ದಿ ವಿಚಾರಿಸಿರಿ, ನಮ್ಮ ಬ್ಯಾರೇಜನ್ನೂ ಒಮ್ಮೆ ಕರೆದೊಯ್ದು ತೋರಿಸಿರಿ.