ನೀರಿನ ಲೆಕ್ಕ ಬರೆಯುವವರು ಬೇಕಾಗಿದ್ದಾರೆ

(ಕ್ಯಾಸಂಬಳ್ಳಿಯಲ್ಲಿ ವಿದ್ಯಾರ್ಥಿಗಳು ಮತ್ತು ಗ್ರಾಮಸ್ಥರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಜಲವಿಜ್ಞಾನವನ್ನು ವೃತ್ತಿಯಾಗಿ ಆರಿಸಿಕೊಳ್ಳುವ ಬಗೆ ಹೇಗೆ ಎಂಬುದನ್ನು ಕುರಿತು ಮಾತನಾಡಬೇಕೆಂದು ಕೇಳಿದ್ದೀರಿ. ನಾನು ಕೃಷಿ ವಿಜ್ಞಾನಿ. ಮಣ್ಣು, ಬೇರು, ತೇವ ಇವುಗಳ ಅಧ್ಯಯನ ನನ್ನದು. ಜಲವಿಜ್ಞಾನ ನನಗೆ ನೆರೆಮನೆ. ವಾಸ ಮಲೆನಾಡಿನಲ್ಲಿ. ನಿಮ್ಮಲ್ಲಿ ವರ್ಷಕ್ಕೆ ಏಳುನೂರು ಮಿಲಿಮೀಟರಿನ ಆಸುಪಾಸು ಮಳೆಯಾದರೆ ನಮ್ಮ ಘಟ್ಟದ ಅಂಚಿನಲ್ಲಿ ಅದರ ನಾಲ್ಕೈದು ಪಟ್ಟು ಸುರಿಯುತ್ತದೆ. ಇಷ್ಟು ಅಂತರವಿರುವ ಎರಡು ಸೀಮೆಗಳನ್ನು ಇಂದು ಒಂದು ಕಾಲುವೆ ಜೋಡಿಸಲು ಹೊರಟಿದೆ. ಆ ಕಾಲುವೆಯ ಪ್ರಸ್ತಾಪಕ್ಕೆ ಮುಂದೆ ಬರುತ್ತೇನೆ. ಮೊದಲು ನಿಮ್ಮ ನೆಲದ ಮಾತು.

ಇದು ಚಿನ್ನದ ಸೀಮೆ. ಇಲ್ಲಿಗೆ ಸಮೀಪದ ಕೆ.ಜಿ.ಎಫ್. ಗಣಿಗಳು 2001ರ ಫೆಬ್ರುವರಿ 28ರಂದು ಮುಚ್ಚಿದವು. ಅಷ್ಟರೊಳಗೆ ಶತಮಾನಕ್ಕೂ ಮೀರಿದ ಅವಧಿಯಲ್ಲಿ ಸುಮಾರು 800 ಟನ್ ಚಿನ್ನ ಹೊರಬಂದಿತ್ತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಆ ಆಳದಲ್ಲಿ ಯಾವ ಬಂಡೆ ಎಲ್ಲಿ ತಿರುಗುತ್ತದೆ ಎಂಬ ನಕ್ಷೆ ಇತ್ತು. ಹೊರತೆಗೆದ ಚಿನ್ನಕ್ಕೆ ಗುಲಗಂಜಿ ತೂಕದ ಲೆಕ್ಕವಿತ್ತು. ಅದೇ ನೆಲದ ಮೇಲ್ಪದರದಲ್ಲಿ, ನೂರು ಅಡಿಯೊಳಗೆ ನಿಂತಿದ್ದ ನೀರಿಗೆ ಮಾತ್ರ ಯಾರೂ ಪುಸ್ತಕ ಇಡಲಿಲ್ಲ. ಕಪಿಲೆ ಹೊಡೆಯುತ್ತಿದ್ದ ಬಾವಿಗಳು ಬತ್ತಿದವು, ಕೊಳವೆ ಬಾವಿಗಳು ಬಂದವು, ಅವು ಸಾವಿರ ಅಡಿಯನ್ನೂ ದಾಟಿದವು. ಪ್ರತಿ ವರ್ಷ ಎಷ್ಟು ಒಳಹೋಯಿತು, ಎಷ್ಟು ಹೊರಬಂತು ಎಂಬ ಪ್ರಶ್ನೆಗೆ ಊರಿನ ಮಟ್ಟದಲ್ಲಿ ಉತ್ತರ ಹೇಳುವವರು ಇರಲಿಲ್ಲ. ಒಟ್ಟು ಜಿಲ್ಲೆಯ ಲೆಕ್ಕವೇನೋ ಇದೆ. ಕೇಂದ್ರ ಅಂತರ್ಜಲ ಮಂಡಳಿಯ ವರ್ಗೀಕರಣದಲ್ಲಿ ಕೋಲಾರ ಜಿಲ್ಲೆಯ ತಾಲ್ಲೂಕುಗಳು 'ಅತಿಬಳಕೆ'ಯ ಪಟ್ಟಿಯಲ್ಲಿಯೇ ಕಾಣಿಸಿಕೊಳ್ಳುತ್ತ ಬಂದಿವೆ. ಅಂದರೆ ಮಳೆ ತುಂಬಿಕೊಡುವುದಕ್ಕಿಂತ ಹೆಚ್ಚನ್ನು ನಾವು ಎತ್ತುತ್ತಿದ್ದೇವೆ.

ಈ ಮಾತಿನ ತೂಕ ತಿಳಿಯಬೇಕಾದರೆ ಒಂದು ಸಣ್ಣ ಗಣಿತ ಮಾಡೋಣ. ಒಂದು ಹೆಕ್ಟೇರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಹತ್ತು ಸಾವಿರ ಲೀಟರ್. ಏಳುನೂರು ಮಿಲಿಮೀಟರಿಗೆ ಎಪ್ಪತ್ತು ಲಕ್ಷ ಲೀಟರ್. ಕೇಳಲು ಅಪಾರ. ಆದರೆ ನಿಮ್ಮ ಕೆಳಗಿರುವುದು ಕರಿಗಲ್ಲಿನ ನೆಲ. ನೀರು ನಿಲ್ಲುವುದು ಶಿಥಿಲಗೊಂಡ ಮೇಲ್ಪದರದಲ್ಲಿ, ಅದರ ಕೆಳಗೆ ಬಂಡೆಯ ಬಿರುಕುಗಳಲ್ಲಿ. ಇಂಥ ಪದರ ತನ್ನ ಗಾತ್ರದ ನೂರರಲ್ಲಿ ಒಂದರಿಂದ ಮೂರು ಪಾಲು ನೀರನ್ನಷ್ಟೇ ಬಿಟ್ಟುಕೊಡಬಲ್ಲದು. ಎರಡು ಪಾಲು ಎಂದಿಟ್ಟುಕೊಳ್ಳಿ. ಒಳ್ಳೆಯ ಮಳೆಗೆ ಬಾವಿಯ ನೀರು ಒಂದು ಮೀಟರ್ ಏರಿತೆಂದು ನಾವು ಹಿಗ್ಗುತ್ತೇವೆ. ನೆಲದೊಳಗೆ ನಿಜವಾಗಿ ಸೇರಿದ್ದು ಇಪ್ಪತ್ತು ಮಿಲಿಮೀಟರ್, ಹೆಕ್ಟೇರಿಗೆ ಎರಡು ಲಕ್ಷ ಲೀಟರ್ ಮಾತ್ರ. ಟೊಮೇಟೊ ಬೆಳೆಯುವ ರೈತರಿಗೆ ಅದು ಎಷ್ಟು ದಿನದ ನೀರೆಂದು ನಾನು ಹೇಳಿಕೊಡಬೇಕಾಗಿಲ್ಲ. ಬಾವಿಯಲ್ಲಿ ಕಾಣುವ ಎತ್ತರ ಬೇರೆ, ನೆಲದಲ್ಲಿರುವ ಪ್ರಮಾಣ ಬೇರೆ. ಈ ಎರಡರ ನಡುವಿನ ವ್ಯತ್ಯಾಸವನ್ನು ಅಳೆದು ಹೇಳುವುದೇ ಜಲವಿಜ್ಞಾನಿಯ ಮೊದಲ ಕೆಲಸ.

ಈಗ ಕಾಲುವೆಯ ಮಾತು. ಸಕಲೇಶಪುರ ತಾಲ್ಲೂಕಿನ ಎತ್ತಿನಹೊಳೆ ಮತ್ತು ಅದರ ನೆರೆಯ ಹಳ್ಳಗಳ ಮಳೆಗಾಲದ ನೀರನ್ನು ಎತ್ತಿ ಕೋಲಾರ, ಚಿಕ್ಕಬಳ್ಳಾಪುರ ಮುಂತಾದ ಬಯಲು ಜಿಲ್ಲೆಗಳಿಗೆ ತರುವ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾಯಿತು. ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಗೊಂಡಿತು. 12,912 ಕೋಟಿ ರೂಪಾಯಿ ಇದ್ದ ಅಂದಾಜು 23,251 ಕೋಟಿಗೆ ಏರಿತು. ಯೋಜನೆಯ ಪ್ರಕಾರ ಸಿಗುವ ನೀರು 24.01 ಟಿ.ಎಂ.ಸಿ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಅವರ ಸಂಗಡಿಗರ ಅಧ್ಯಯನದ ಪ್ರಕಾರ ಆ ಜಲಾನಯನದ ಒಟ್ಟು ಇಳುವರಿಯೇ 9.55 ಟಿ.ಎಂ.ಸಿ. ಒಂದೇ ಹೊಳೆಗೆ ಎರಡು ಸಂಖ್ಯೆಗಳು. ಒಂದು ಇನ್ನೊಂದರ ಎರಡೂವರೆ ಪಟ್ಟು.

ನಮ್ಮ ಮಲೆನಾಡಿನವರು ಒಂದು ಸಂಖ್ಯೆಯನ್ನು ಹಿಡಿದರು, ನಿಮ್ಮ ಬಯಲಿನವರು ಮತ್ತೊಂದನ್ನು. ನಾನು ಯಾವ ಪಕ್ಷದವನೆಂದು ಊಹಿಸಿಬಿಡಬೇಡಿ. ಲೆಕ್ಕವನ್ನು ನೀವೇ ಮಾಡಿ. ಒಂದು ಟಿ.ಎಂ.ಸಿ. ಎಂದರೆ ಸುಮಾರು 2.83 ಕೋಟಿ ಘನ ಮೀಟರ್. ಜಲಾನಯನದ ವಿಸ್ತೀರ್ಣ ಸುಮಾರು 180 ಚದರ ಕಿಲೋಮೀಟರ್. 24.01 ಟಿ.ಎಂ.ಸಿ.ಯನ್ನು ಅಷ್ಟು ನೆಲದ ಮೇಲೆ ಸಮನಾಗಿ ಹರಡಿದರೆ ಸುಮಾರು 3,780 ಮಿಲಿಮೀಟರ್ ಎತ್ತರ ನಿಲ್ಲುತ್ತದೆ, 9.55ನ್ನು ಹರಡಿದರೆ ಸುಮಾರು 1,500. ಆ ಬೆಟ್ಟಗಳಲ್ಲಿ ಬೀಳುವ ಮಳೆ ಊರಿಂದ ಊರಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತ 3,000ದಿಂದ 4,500 ಮಿಲಿಮೀಟರಿನ ನಡುವೆ ಆಡುತ್ತದೆ. ಅದರಲ್ಲಿ ಕಾಡು ಮತ್ತು ತೋಟಗಳು ಕುಡಿದು ಗಾಳಿಗೆ ಬಿಡುವ ಪಾಲು, ಮಣ್ಣಿನೊಳಗೆ ಇಳಿದು ಬೇಸಿಗೆಯವರೆಗೆ ಒಸರುವ ಪಾಲು, ಕೆಳಗಿನ ಊರುಗಳಿಗೂ ಮೀನುಗಳಿಗೂ ಹೊಳೆಯಲ್ಲಿ ಬಿಡಬೇಕಾದ ಪಾಲು, ಇವೆಲ್ಲವನ್ನೂ ಕಳೆಯಿರಿ. ಹತ್ತನೆಯ ತರಗತಿಯ ಗಣಿತ ಸಾಕು. ಈ ಗುಣಾಕಾರ ಭಾಗಾಕಾರವನ್ನು ಎರಡೂ ಕಡೆಯ ಸಭೆಗಳಲ್ಲಿ ಜನರ ಮುಂದೆ ಕಪ್ಪುಹಲಗೆಯ ಮೇಲೆ ಮಾಡಿದ್ದರೆ ಎಷ್ಟೋ ಘೋಷಣೆಗಳು ಬೇಕಾಗುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಬೆಟ್ಟದವರು ಕಾಡು ಕಳೆದುಕೊಂಡು, ಬಯಲಿನವರು ಬಾರದ ನೀರಿಗೆ ಕಾದು ಕೂರುವ ಸ್ಥಿತಿ ಬಂದರೆ ನಷ್ಟ ಇಬ್ಬರದೂ ಹೌದು.

ಇಂಥ ವ್ಯತ್ಯಾಸ ಹುಟ್ಟುವುದಾದರೂ ಹೇಗೆ? ಹಳ್ಳದ ಮೇಲೆ ಮಾಪನ ಕೇಂದ್ರ ಇಲ್ಲದಿದ್ದಾಗ, ಬಹು ದೂರ ಕೆಳಗೆ ದೊಡ್ಡ ನದಿಯಲ್ಲಿ ಅಳೆದ ಅಂಕಿಯನ್ನು ವಿಸ್ತೀರ್ಣದ ಪ್ರಮಾಣದಲ್ಲಿ ಮೇಲಕ್ಕೆ ಹಂಚುವುದು, ಇಲ್ಲವೆ ಮಳೆಗೆ ಒಂದು ಗುಣಕ ಹಚ್ಚಿ ಹರಿವನ್ನು ಊಹಿಸುವುದು ಎಲ್ಲೆಡೆ ರೂಢಿ. ಗುಣಕ ತುಸು ಅತ್ತಿತ್ತ ಆದರೆ ಸಾವಿರ ಕೋಟಿಗಳು ಅತ್ತಿತ್ತ ಆಗುತ್ತವೆ. ಇದಕ್ಕೆ ಮದ್ದು ಒಂದೇ: ಹಳ್ಳದಲ್ಲಿ ಇಳಿದು ಅಳೆಯುವುದು. ಸಣ್ಣ ತೊರೆಗೆ ಅಡ್ಡಲಾಗಿ 'ವಿ' ಆಕಾರದ ಕಚ್ಚು ಕತ್ತರಿಸಿದ ತಗಡನ್ನು ನಿಲ್ಲಿಸುತ್ತಾರೆ. ತೊಂಬತ್ತು ಡಿಗ್ರಿ ಕಚ್ಚಿನಲ್ಲಿ ನೀರು ಹತ್ತು ಸೆಂಟಿಮೀಟರ್ ಎತ್ತರ ಹರಿದರೆ ಸೆಕೆಂಡಿಗೆ ಸುಮಾರು 4.4 ಲೀಟರ್, ಇಪ್ಪತ್ತು ಸೆಂಟಿಮೀಟರ್ ಹರಿದರೆ ಇಮ್ಮಡಿಯಲ್ಲ, ಐದೂವರೆ ಪಟ್ಟಿಗೂ ಹೆಚ್ಚು. ದೊಡ್ಡ ಹೊಳೆಯಾದರೆ ದಡದಲ್ಲಿ ಅಳತೆಗೋಲು ನೆಟ್ಟು, ಬೇರೆ ಬೇರೆ ಮಟ್ಟಗಳಲ್ಲಿ ಹರಿವಿನ ವೇಗವನ್ನು ಅಳೆದು, ಮಟ್ಟಕ್ಕೂ ಪ್ರಮಾಣಕ್ಕೂ ಇರುವ ಸಂಬಂಧವನ್ನು ಕಟ್ಟಿಕೊಳ್ಳಬೇಕು. ಕಷ್ಟವಿರುವುದು ಇಲ್ಲೇ: ಅತ್ಯಂತ ಮುಖ್ಯವಾದ ಅಳತೆ ಸಿಗುವುದು ಆಶ್ಲೇಷಾ ಮಳೆಯ ನಡುರಾತ್ರಿ, ಹೊಳೆ ಕೆಂಪಾಗಿ ಮೊರೆಯುವಾಗ. ಆಗ ಅಲ್ಲಿ ಹತ್ತಿರದ ಊರಿನವರು ಇರಬಲ್ಲರೇ ಹೊರತು ರಾಜಧಾನಿಯಿಂದ ಹೊರಟವರು ತಲುಪಲಾರರು. ಈ ವೃತ್ತಿಗೆ ಹಳ್ಳಿಯ ಮಕ್ಕಳು ಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಇದೇ ಕಾರಣ.

ಅಳತೆ ನಮ್ಮ ನಂಬಿಕೆಗಳನ್ನೂ ಸುಮ್ಮನೆ ಬಿಡುವುದಿಲ್ಲ. ನೀಲಗಿರಿ ನೀರು ಹೀರುತ್ತದೆ ಎಂಬ ವಾದ ನಿಮ್ಮ ಜಿಲ್ಲೆಯಲ್ಲಿ ಸಾಮಾಜಿಕ ಅರಣ್ಯದ ಕಾಲದಿಂದ ಇದ್ದದ್ದು. ಬ್ರಿಟನ್ನಿನ ಜಲವಿಜ್ಞಾನ ಸಂಸ್ಥೆಯ ಇಯಾನ್ ಕಾಲ್ಡರ್ ಮತ್ತವರ ತಂಡ ಕರ್ನಾಟಕ ಅರಣ್ಯ ಇಲಾಖೆಯೊಡನೆ ಸೇರಿ ಇದನ್ನು ಪರೀಕ್ಷೆಗೆ ಒಡ್ಡಿತು. ಭಾರಜಲಜನಕವನ್ನು ಕಾಂಡಕ್ಕೆ ಸೇರಿಸಿ ಮರ ಕುಡಿಯುವ ನೀರನ್ನು ಲೆಕ್ಕ ಹಾಕಿದರು. ಮಣ್ಣಿನ ತೇವವನ್ನು ಹಲವು ಮೀಟರ್ ಆಳದವರೆಗೆ ಅಳೆದರು. ನಿಮಗೆ ದೂರವಲ್ಲದ ಹೊಸಕೋಟೆಯ ಪ್ರಯೋಗ ನೆಲದಲ್ಲಿ ನೀಲಗಿರಿಯ ಬಳಕೆ ಬಿದ್ದ ಮಳೆಯನ್ನೂ ಮೀರಿತ್ತು. ಬೇರುಗಳು ಆಳದ ಹಳೆಯ ತೇವವನ್ನು ಕರಗಿಸುತ್ತಿದ್ದವು. ಆದರೆ ಅದೇ ತಂಡ ಒಣಪ್ರದೇಶದ ಬೇರೊಂದು ಕಡೆ ನೀಲಗಿರಿ ತೋಪಿನ ಬಳಕೆಯೂ ಸ್ಥಳೀಯ ಕಾಡಿನ ಬಳಕೆಯೂ ಹೆಚ್ಚುಕಡಿಮೆ ಒಂದೇ ಎಂದೂ ಕಂಡಿತು. ಎರಡೂ ನಿಜ, ಮಣ್ಣಿನ ಆಳ, ಮರದ ವಯಸ್ಸು, ಬೇರಿನ ನಡೆ ಉತ್ತರವನ್ನು ಬದಲಿಸುತ್ತವೆ. ಉತ್ತರ ಕನ್ನಡದಲ್ಲಿ ಜಗದೀಶ ಕೃಷ್ಣಸ್ವಾಮಿ ಮತ್ತು ಸಂಗಡಿಗರು ಸಹಜ ಕಾಡು, ಅಕೇಶಿಯಾ ತೋಪು, ಬಳಲಿದ ನೆಲ ಈ ಮೂರನ್ನು ಹೋಲಿಸಿ ಸಹಜ ಕಾಡಿನಡಿಯ ಮಣ್ಣು ಮಳೆಯನ್ನು ಹೆಚ್ಚು ಒಳಗಿಳಿಸುವುದನ್ನು ತೋರಿಸಿದರು. ನಮ್ಮ ಚಳವಳಿಗಳಿಗೆ ಈ ಬಗೆಯ ಕೆಲಸ ಭಾಷಣಗಳಿಗಿಂತ ಹೆಚ್ಚು ಬಲ ಕೊಟ್ಟಿದೆ.

ಪ್ರಮಾಣದಷ್ಟೇ ಗುಣವೂ ಲೆಕ್ಕಕ್ಕೆ ಬರಬೇಕು. ಆಳದ ಕೊಳವೆ ಬಾವಿಯ ನೀರು ಬಂಡೆಯೊಡನೆ ದೀರ್ಘಕಾಲ ಒಡನಾಡಿರುತ್ತದೆ. ಅದರಲ್ಲಿ ಸುಣ್ಣದಂಶ ಕಡಿಮೆಯಾದಷ್ಟೂ ಫ್ಲೋರೈಡ್ ಏರಲು ಅನುಕೂಲ. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಕುಡಿಯಲು ಯೋಗ್ಯವಲ್ಲ. 2018ರಲ್ಲಿ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಬೆಂಗಳೂರಿನಿಂದ ನಿಮ್ಮ ಜಿಲ್ಲೆಯ ಕೆರೆಗಳಿಗೆ ಬರತೊಡಗಿತು. ದಿನಕ್ಕೆ 44 ಕೋಟಿ ಲೀಟರ್, 126 ಕೆರೆಗಳು ಎಂಬುದು ಯೋಜನೆಯ ಗಾತ್ರ. ಬಾವಿಗಳು ಮರುಜೀವ ಪಡೆದವೆಂದು ಹರ್ಷಿಸಿದವರೂ ಇದ್ದಾರೆ, ಎರಡನೆಯ ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಬೇಕೆಂದು ನ್ಯಾಯಾಲಯಕ್ಕೆ ಹೋದವರೂ ಇದ್ದಾರೆ. ಕೆರೆಯ ನೀರು ಬಾವಿಗೆ ಇಳಿಯುವಾಗ ಏನೇನನ್ನು ಜೊತೆಗೆ ಒಯ್ಯುತ್ತದೆ ಎಂಬುದನ್ನು ವರ್ಷಗಟ್ಟಲೆ ಬೆನ್ನುಹತ್ತಿ ನೋಡುವವರು ಬೇಕು. ಅದು ಒಬ್ಬರ ಇಡೀ ವೃತ್ತಿಜೀವನಕ್ಕೆ ಸಾಕಾಗುವಷ್ಟು ಕೆಲಸ.

ದಾರಿಗಳನ್ನು ಚಿಕ್ಕದಾಗಿ ಹೇಳುತ್ತೇನೆ. ವಿಜ್ಞಾನ ಓದುವವರು ಪದವಿಯಲ್ಲಿ ಭೂವಿಜ್ಞಾನ ಆರಿಸಿ ಸ್ನಾತಕೋತ್ತರ ಮುಗಿಸಿದರೆ ಕೇಂದ್ರ ಲೋಕಸೇವಾ ಆಯೋಗದ ಭೂವಿಜ್ಞಾನಿಗಳ ಸಂಯುಕ್ತ ಪರೀಕ್ಷೆ ಬರೆಯಬಹುದು. ಅಂತರ್ಜಲ ಮಂಡಳಿಯ ವಿಜ್ಞಾನಿಗಳನ್ನು ಅದರ ಮೂಲಕವೇ ಆರಿಸುತ್ತಾರೆ. ಸಿವಿಲ್ ಇಲ್ಲವೆ ಕೃಷಿ ಇಂಜಿನಿಯರಿಂಗ್ ಓದಿದವರು ಗೇಟ್ ಪರೀಕ್ಷೆಯ ಮೂಲಕ ಜಲಸಂಪನ್ಮೂಲದ ಉನ್ನತ ವ್ಯಾಸಂಗಕ್ಕೆ ಹೋಗಬಹುದು. ರೂರ್ಕಿಯಲ್ಲಿ 1972ರಿಂದ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಅದೇ ಊರಿನಲ್ಲಿರುವ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆಯ ಕಠಿಣ ಶಿಲಾ ಪ್ರದೇಶದ ಕೇಂದ್ರ ನಮ್ಮ ಬೆಳಗಾವಿಯಲ್ಲಿದೆ. ಸುರತ್ಕಲ್ಲಿನ ಎನ್.ಐ.ಟಿ., ಬೆಂಗಳೂರಿನ ವಿಜ್ಞಾನ ಸಂಸ್ಥೆ, ಕೃಷಿ ವಿಶ್ವವಿದ್ಯಾಲಯಗಳು ಕೈಗೆಟುಕುವ ದೂರದಲ್ಲಿವೆ. ವಾಣಿಜ್ಯ, ಕಲಾ ವಿಭಾಗದವರು ನಿರಾಶರಾಗಬೇಕಿಲ್ಲ: ಪಾಲಾರ್ ನದಿಯ ಕುರಿತು 1892ರ ಮದರಾಸು–ಮೈಸೂರು ಒಪ್ಪಂದ ಇಂದಿಗೂ ಚರ್ಚೆಯಲ್ಲಿದೆ, ನೀರಿನ ಕಾನೂನು, ನೀರಿನ ಅರ್ಥಶಾಸ್ತ್ರ ತಿಳಿದವರು ವಿರಳ. ವಕೀಲಿ ಓದಿ ಮೈಸೂರಿನ ಮೊದಲ ಮುಖ್ಯಮಂತ್ರಿಯಾದ ಚೆಂಗಲರಾಯ ರೆಡ್ಡಿಯವರ ಹೆಸರಿನ ಮುಂದಿದ್ದ 'ಕೆ' ನಿಮ್ಮ ಕ್ಯಾಸಂಬಳ್ಳಿಯದೇ ಅಲ್ಲವೆ! ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಂಗ್ಲಿಷಿನ ಅಂಜಿಕೆ ಇರುವುದು ಸಹಜ. ಅದು ಎರಡು ವರ್ಷದಲ್ಲಿ ಹೋಗುತ್ತದೆ. ಗಣಿತ ಬಿಟ್ಟುಕೊಟ್ಟರೆ ಮಾತ್ರ ತೊಡಕು.

ಹುದ್ದೆಗಳು ಯಥೇಚ್ಛವಾಗಿವೆ ಎಂದು ನಾನು ಹೇಳುತ್ತಿಲ್ಲ. ಅವು ಕಡಿಮೆ; ಪರೀಕ್ಷೆಗೂ ನೇಮಕಾತಿಗೂ ನಡುವೆ ತಾಳ್ಮೆ ಕಳೆಯುವಷ್ಟು ಕಾಲ ಹಿಡಿಯುವುದುಂಟು. ಕೊಳವೆ ಬಾವಿಗೆ ಜಾಗ ತೋರಿಸಿ ಹಣ ಮಾಡುವುದು ಬೇಗ ಸಿಗುವ ಸಂಪಾದನೆ; ಅಂಗೈಯ ಮೇಲೆ ತೆಂಗಿನಕಾಯಿ ನಿಲ್ಲಿಸಿ ನೀರು ನೋಡುವವರಿಗೂ ಯಂತ್ರ ಹಿಡಿದು ನೋಡುವವರಿಗೂ ಅಲ್ಲಿ ಪೈಪೋಟಿ. ಎಲ್ಲಿ ಕೊರೆಯಬೇಕೆಂದು ಹೇಳುವವರು ಬೇಕಾದಷ್ಟು ಇದ್ದಾರೆ. ಇಲ್ಲಿ ಇನ್ನು ಕೊರೆಯಬೇಡಿ ಎಂದು ರೈತರ ಮುಖ ನೋಡಿ ಹೇಳಿ, ಕಾರಣ ವಿವರಿಸಿ, ಬದಲಿ ಬೆಳೆಯ ಲೆಕ್ಕ ಕೊಡುವವರು ಅಪರೂಪ. ಹೆಣ್ಣುಮಕ್ಕಳು ಈ ಕ್ಷೇತ್ರಕ್ಕೆ ಹೆಚ್ಚು ಬರಬೇಕೆಂಬುದು ನನ್ನ ಆಗ್ರಹ. ಬಿಂದಿಗೆ ಹೊತ್ತು ನೀರಿನ ದೂರ ಬಲ್ಲವರು ಅವರೇ.

ಪದವಿಯವರೆಗೆ ಕಾಯಬೇಕಾಗಿಯೂ ಇಲ್ಲ. ಗಡಿಯಾಚೆಯ ಚಿತ್ತೂರು, ಅನಂತಪುರ ಮೊದಲಾದ ಏಳು ಜಿಲ್ಲೆಗಳಲ್ಲಿ 2003ರಿಂದ ಕೆಲವು ವರ್ಷ ನಡೆದ ಒಂದು ಪ್ರಯತ್ನದಲ್ಲಿ ರೈತರೇ ದಿನದ ಮಳೆಯನ್ನೂ ಹದಿನೈದು ದಿನಕ್ಕೊಮ್ಮೆ ಕೊಳವೆ ಬಾವಿಗಳ ಮಟ್ಟವನ್ನೂ ಅಳೆದು, ಹಿಂಗಾರಿಗೆ ಮುನ್ನ ಊರವರೆಲ್ಲ ಕೂಡಿ ಇರುವ ನೀರಿಗೆ ತಕ್ಕ ಬೆಳೆಯ ಆಯವ್ಯಯ ಮಾಡುತ್ತಿದ್ದರು. ಅಕ್ಷರ ಬಾರದವರೂ ಅದರಲ್ಲಿ ಪಾಲ್ಗೊಂಡರು. ನಿಮ್ಮಲ್ಲಿ ತೆಲುಗು ಮನೆಮಾತಿನವರು ಬಹಳ ಮಂದಿ. ಅವರ ಅನುಭವವನ್ನು ಹೋಗಿ ಕೇಳಿ ಬರುವುದು ನಿಮಗೆ ಸುಲಭ. ನಮ್ಮ ಕಡೆಯ ಕಾಫಿ ತೋಟಗಳಲ್ಲಿ ತಲೆಮಾರುಗಳಿಂದ ಪ್ರತಿದಿನದ ಮಳೆಯನ್ನು ಇಂಚು ಸೆಂಟುಗಳಲ್ಲಿ ಬರೆದಿಟ್ಟ ಪುಸ್ತಕಗಳಿವೆ. ನಿಮ್ಮ ಕೆರೆಗಳ ನೀರಗಂಟಿಗಳ ಮನೆಗಳಲ್ಲಿ ತೂಬು ಎತ್ತಿದ ದಿನ, ಕೋಡಿ ಬಿದ್ದ ವರ್ಷಗಳ ನೆನಪಿದೆ. 2021ರ ನವೆಂಬರಿನಲ್ಲಿ ಜಿಲ್ಲೆಯ ಅನೇಕ ಕೆರೆಗಳು ಕೋಡಿ ಹರಿದವಲ್ಲ, ಅದಕ್ಕೆ ಹಿಂದೆ ಯಾವಾಗ ಹರಿದಿದ್ದವು ಎಂದು ಹಿರಿಯರನ್ನು ಕೇಳಿ ಬರೆದುಕೊಳ್ಳಿ.

ನೇರ ಗೋಡೆಯ ಒಂದು ಡಬ್ಬಿ, ಒಂದು ಅಳತೆಪಟ್ಟಿ, ಒಂದು ನೋಟುಪುಸ್ತಕ. ಡಬ್ಬಿಯನ್ನು ಮರ ಮನೆಗಳಿಂದ ದೂರ ಬಯಲಿನಲ್ಲಿಡಿ. ಬೆಳಿಗ್ಗೆ ಎಂಟೂವರೆಗೆ ಅಳೆದು ಬರೆಯಿರಿ. ಮಳೆ ಬಾರದ ದಿನ ಸೊನ್ನೆ ಎಂದು ಬರೆಯಬೇಕು, ಜಾಗ ಖಾಲಿ ಬಿಡಬಾರದು. ತೆರೆದ ಬಾವಿಗೆ ಕಲ್ಲು ಕಟ್ಟಿದ ಹಗ್ಗ ಸಾಕು. ಕೊಳವೆ ಬಾವಿಯಾದರೆ ರಾತ್ರಿಯೆಲ್ಲ ಪಂಪು ನಿಲ್ಲಿಸಿದ ಮೇಲೆ ಬೆಳಗಿನ ಜಾವ ಅಳೆಯಬೇಕು, ಇಲ್ಲದಿದ್ದರೆ ಸಿಗುವುದು ನೀರಿನ ಮಟ್ಟವಲ್ಲ, ಪಂಪಿನ ಮಟ್ಟ. ಅಧ್ಯಾಪಕರು ಒಪ್ಪಿದರೆ ಈ ಸಭೆ ಮುಗಿದ ಮೇಲೆ ಹತ್ತಿರದ ಯಾವುದಾದರೂ ತೆರೆದ ಬಾವಿಗೆ ಹೋಗಿ ಮೊದಲ ಅಂಕಿಯನ್ನು ಇಂದೇ ಬರೆಯೋಣ. ಹಗ್ಗ ತಂದಿದ್ದೇನೆ.