ಐಕಿಡೊ: ಪಟ್ಟಿನಲ್ಲಿರುವ ದಯೆ



ಜಪಾನಿನ ಐಕಿಡೊ ಅಹಿಂಸೆಯ ಸಮರಕಲೆ ಎಂದು ಹೆಸರಾಗಿದೆ. ಆದರೆ ಅದು ಹುಟ್ಟಿದ್ದು ಸೌಮ್ಯವಾದ ಮನೆಯಲ್ಲಲ್ಲ. 1883ರಲ್ಲಿ ಜನಿಸಿದ ಅದರ ಸ್ಥಾಪಕ ಮೊರಿಹೆಯಿ ಉಯೆಶಿಬಾ ರಷ್ಯಾ-ಜಪಾನ್ ಯುದ್ಧದ ಕಾಲದಲ್ಲಿ ಸೈನಿಕರಾಗಿದ್ದವರು. 1915ರಲ್ಲಿ ಹೊಕ್ಕೈಡೊದಲ್ಲಿ ಅವರಿಗೆ ಸಿಕ್ಕ ಗುರು ಸೊಕಾಕು ತಕೆದಾ. ತಕೆದಾ ಕಲಿಸಿದ ದೈತೊ-ರ್ಯೂ ಕೀಲು ತಿರುಚಿ ಎದುರಾಳಿಯನ್ನು ಕೆಡಹುವ ವಿದ್ಯೆ. ಮುಂದೆ ಒಮೊತೊ ಎಂಬ ಧಾರ್ಮಿಕ ಪಂಥದ ಒಡನಾಟದಿಂದ ಉಯೆಶಿಬಾ ಪ್ರೀತಿಯೇ ಸಮರಕಲೆಯ ತಿರುಳು ಎಂಬ ನಂಬಿಕೆಗೆ ಬಂದರು. ಹಾಗೆಂದು ಹಳೆಯ ಪಟ್ಟುಗಳನ್ನು ಬಿಸಾಡಲಿಲ್ಲ. ಸೇನೆಯ ಶಾಲೆಗಳಲ್ಲೂ ಪಾಠ ಹೇಳಿದರು. 1942ರಲ್ಲಿ ಟೋಕಿಯೊ ಬಿಟ್ಟು ಇವಾಮಾಕ್ಕೆ ಹೋಗಿ ಬೇಸಾಯ ಮಾಡುತ್ತ ಸಾಧನೆ ಮುಂದುವರಿಸಿದರು.

ಹಾಗಾದರೆ ಅಹಿಂಸೆ ಎಲ್ಲಿದೆ? ಕೊತೆಗಾಯೆಶಿ ಎಂಬ ಪಟ್ಟನ್ನೇ ನೋಡೋಣ. ಗುದ್ದಲು ಬಂದವನ ದಾರಿಯಿಂದ ಪಕ್ಕಕ್ಕೆ ಸರಿದು, ಅವನು ಮುನ್ನುಗ್ಗಿದ ವೇಗದಲ್ಲೇ ಅವನನ್ನು ಸುತ್ತಿಸಿ, ಮಣಿಕಟ್ಟನ್ನು ಹೊರಕ್ಕೆ ಮಡಚುತ್ತಾರೆ. ಥಟ್ಟನೆ ಜಗ್ಗಿದರೆ ಮಣಿಕಟ್ಟು ಮುರಿದೀತು. ಅವನ ತೂಕ ಸಾಗುವ ದಿಕ್ಕನ್ನೇ ಹಿಡಿದು ನಡೆಸಿದರೆ ಅವನು ಉರುಳಿ ಬಿದ್ದು ಎದ್ದು ನಿಲ್ಲುತ್ತಾನೆ. ಪಟ್ಟು ಒಂದೇ. ಎಷ್ಟು ಬಲ, ಯಾವ ವೇಗ, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಹಿಡಿದವನೇ ಆ ಕ್ಷಣ ತೀರ್ಮಾನಿಸಬೇಕು. ಮುರಿಯುವ ದಾರಿ ಗೊತ್ತಿದ್ದವನಿಗೆ ಮಾತ್ರ ಮುರಿಯದಿರುವ ದಾರಿ ತಿಳಿಯುತ್ತದೆ ಎಂದು ನಾನು ನಂಬುತ್ತೇನೆ.

ಇನ್ನು ನಿಕ್ಯೊ ಪಟ್ಟು. ಅದಕ್ಕೆ ಸಿಕ್ಕವರು ನೋವಿಗೆ ಮಂಡಿಯೂರುತ್ತಾರೆ. ಇದರಲ್ಲಿ ಹಿಂಸೆಯ ಲೇಶವೂ ಇಲ್ಲ ಎನ್ನುವುದು ಸುಳ್ಳಾದೀತು. ಸಾಕು ಎಂದು ಚಾಪೆ ತಟ್ಟಿದ ಕೂಡಲೇ ಹಿಡಿತ ಬಿಡಬೇಕು ಎಂಬ ನಿಯಮ ಆ ನೋವಿಗೆ ಮಿತಿ ಹಾಕುತ್ತದೆ.

ಅಭ್ಯಾಸ ನಡೆಯುವುದು ಜೋಡಿಯಲ್ಲಿ. ಒಬ್ಬರು ಎರಗುತ್ತಾರೆ, ಇನ್ನೊಬ್ಬರು ಕೆಡಹುತ್ತಾರೆ. ಕೆಲವು ಸಲದ ನಂತರ ಪಾತ್ರ ಅದಲು ಬದಲು. ಪೆಟ್ಟಾಗದಂತೆ ಬೀಳುವುದೇ ಮೊದಲ ಪಾಠ, ಅದಕ್ಕೆ ಉಕೆಮಿ ಎನ್ನುತ್ತಾರೆ. ಉಯೆಶಿಬಾ ಅವರ ಶಿಷ್ಯ ಕೆಂಜಿ ತೊಮಿಕಿ ಬೆಳೆಸಿದ ಶಾಖೆಯಲ್ಲಿ ಪಂದ್ಯಗಳುಂಟು. ಉಯೆಶಿಬಾ ಮನೆತನ ನಡೆಸುವ ಐಕಿಕಾಯಿ ಸಂಸ್ಥೆಯಲ್ಲಿ ಇಲ್ಲ. ಪಂದ್ಯವಿಲ್ಲವೆಂದು ಎರಗುವವರು ಸುಮ್ಮನೆ ಕೈ ಚಾಚಿದರೆ ಅಭ್ಯಾಸ ಬರೀ ಕುಣಿತವಾಗುತ್ತದೆ. ಗುದ್ದು ನಿಜವಾಗಿ ಬಂದಾಗಲೇ ಅದನ್ನು ನೋಯಿಸದೆ ತಿರುಗಿಸುವ ಅಭ್ಯಾಸಕ್ಕೆ ಅರ್ಥ.

ನಿಮ್ಮ ಮಕ್ಕಳನ್ನು ಐಕಿಡೊಗೆ ಸೇರಿಸುವ ಯೋಚನೆಯಿದ್ದರೆ, ಮೊದಲು ಒಂದು ತರಗತಿಯನ್ನು ಪೂರ್ತಿ ಕೂತು ನೋಡಿ. ಚಾಪೆ ತಟ್ಟಿದ ಮೇಲೂ ಹಿಡಿತ ಬಿಡದ ಕಡೆ ದಯವಿಟ್ಟು ಸೇರಿಸಬೇಡಿ.